ಕೊರಳಳತೆ

ಜೂನ್ ಬಂತೆಂದರೆ ರಾಸ್ತಾ ಪೇಟೆಯ ನನ್ನ ಅಂಗಡಿಯಲ್ಲಿ
ಮೂರು ಶಾಲೆಗಳ ಯೂನಿಫಾರ್ಮು ಗುಡ್ಡೆ ಬಿದ್ದಿರುತ್ತದೆ.
ಊರವರ ಮಕ್ಕಳೆಲ್ಲ ಮುಗಿದು ರಾತ್ರಿ ಹತ್ತಾದ ಮೇಲೆ
ನನ್ನ ಮುಕ್ತಾ ಸ್ಟೂಲು ಹತ್ತುತ್ತಾಳೆ.
ಭುಜ, ಎದೆ, ತೋಳು, ಕೊರಳು.
ಅಳತೆ ಪುಸ್ತಕದಲ್ಲಿ ಅವಳಿಗೇ ಒಂದು ಹಾಳೆ.

ಎಂಟನೇ ವರ್ಷಕ್ಕೆ ಕೊರಳು ಹತ್ತೂಮುಕ್ಕಾಲು.
ಒಂಬತ್ತಕ್ಕೆ ಹನ್ನೊಂದು, ಜೊತೆಗೊಂದು ರಕ್ತದ ಚೀಟಿ.
ಮೈಯ ಕಾವಲುಗಾರರೇ ಕೊರಳ ಗ್ರಂಥಿಯನ್ನು
ಕಳ್ಳನೆಂದು ಬಡಿಯುತ್ತಿದ್ದಾರೆ, ಅಂದರು ಡಾಕ್ಟರು.
ನನಗೆ ತಿಳಿದದ್ದು ಇಷ್ಟು:
ತನ್ನ ಸೂಜಿ ತನ್ನ ಬೆರಳಿಗೇ.
ಅಂದಿನಿಂದ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಬಿಳಿ ಗುಳಿಗೆ,
ಮೇಲೆ ಅರ್ಧ ಗಂಟೆ ಚಹಾ ಇಲ್ಲ, ಹಾಲಿಲ್ಲ.
ಆ ಅರ್ಧ ಗಂಟೆ ನಾನು ಮಷೀನಿಗೆ ಎಣ್ಣೆ ಬಿಡುತ್ತಿದ್ದೆ,
ಬೇಕಿದ್ದರೂ, ಬೇಡದಿದ್ದರೂ.

ಹನ್ನೊಂದನೇ ವರ್ಷ, ದೀಪಾವಳಿ ಕಳೆದು:
‘ಅಪ್ಪಾ, ಮ್ಯಾಲಿನ ಗುಂಡಿ ಹಾಕಾಕ ಬರವಲ್ದು.’
ನಾನು ಹೊಲಿಗೆ ಬಿಚ್ಚಿದೆ.
ಒಳಗೆ ಮಡಿಸಿಟ್ಟ ಬಟ್ಟೆಯಲ್ಲಿ ಅರ್ಧ ಇಂಚು ಬಿಟ್ಟುಕೊಟ್ಟೆ.
ಬಾವು ಇರುತ್ತದೆಂದು ಮೊದಲೇ ಹೇಳಿದ್ದರಲ್ಲ.
ಗೊತ್ತಿದ್ದ ಬಾವು. ಕೇಳಲಿಲ್ಲ ನಾನು.

ರಫೂ ಮಾಡಿ ಮಾಡಿ ದಪ್ಪಗಾದ ಬಟ್ಟೆಯಲ್ಲಿ
ಹೊಸ ಗಂಟು ಕೈಗೆ ಸಿಗುವುದಿಲ್ಲ,
ಮೂವತ್ತು ವರ್ಷ ಪಳಗಿದ ಕೈಗೂ.

ಸಿಕ್ಕಿದ್ದು ಒಬ್ಬ ಎಡಗೈ ಡಾಕ್ಟರಮ್ಮನಿಗೆ.
ನುಂಗು, ಅಂದಳು. ಮುಕ್ತಾ ನುಂಗಿದಳು.
ಇನ್ನೊಮ್ಮೆ, ಅಂದಳು.
ಆಮೇಲೆ ಶಾಲೆಯ ಮಾತು ಅಲ್ಲಿಗೇ ನಿಲ್ಲಿಸಿದಳು.

ಸೋನೋಗ್ರಫಿ. ಸೂಜಿ. ಹತ್ತು ದಿನ.
ಕೇಳಿದೆ: ಆ ಬೇನೆಯಿಂದಲೇ ಈ ಬೇನೆ ಬಂತೇ?
‘ಎರಡೂ ಒಂದೇ ಮನೆಯಲ್ಲಿ ಸಿಗುವುದುಂಟು.
ಯಾರು ಯಾರನ್ನು ಕರೆತಂದರೋ ಹೇಳಲಾರೆ.’
ಮಕ್ಕಳಲ್ಲಿ ಇದು ಮಾತು ಕೇಳುವ ಕ್ಯಾನ್ಸರು, ಅಂದಳು.
ನಾನು ಕೊನೆಯ ಶಬ್ದವನ್ನಷ್ಟೇ ಮನೆಗೆ ತಂದೆ,
ಉಳಿದದ್ದನ್ನು ಅವಳವ್ವ ತಂದಳು.

ಪಟ್ಟಿ ಬಿಚ್ಚಿದ ದಿನ ನೋಡಿದೆ ಆ ಹೊಲಿಗೆ.
ಕೊರಳ ಮಡಿಕೆಯಲ್ಲೇ ಹಾದಿ ಹಿಡಿದು
ದಾರ ಹೊರಗೆ ಕಾಣದ ಹಾಗೆ.
ಒಳ್ಳೆ ಕೈ. ನನ್ನ ಕಣ್ಣು ಮೊದಲು ಅದನ್ನೇ ಅಂದಿತು,
ಆಮೇಲೆ ಒದ್ದೆಯಾಯಿತು.
ತುಟಿಗೆ ಇರುವೆ ಹರಿದಂತಾಗ್ತದ, ಅಂದಳು ಮುಕ್ತಾ,
ಯಾರದೋ ಒಡಕು ದನಿಯಲ್ಲಿ.
ಕ್ಯಾಲ್ಸಿಯಂ ಕೊಟ್ಟರು. ದನಿ ತಿಂಗಳಿಗೆ ತಿರುಗಿ ಬಂತು.

ಆಮೇಲೆ ಅಯೋಡಿನ್ ಇಲ್ಲದ ಉಪ್ಪಿಗೆ ಪೇಟೆ ಪೇಟೆ ಅಲೆದೆ.
ಆಮೇಲೆ ಆ ದಪ್ಪ ಬಾಗಿಲಿನ ಕೋಣೆ:
ಔಷಧ ಕುಡಿದ ಮಗು ಒಳಗೆ ಒಬ್ಬಳೇ,
ನಾವು ಗಾಜಿನ ಈಚೆ, ಫೋನು ಹಿಡಿದು.
ಬೇಜಾರಾದೀತೆಂದು ನನ್ನ ಟೇಪು ಕೊಟ್ಟಿದ್ದೆ.
ಮೂರು ದಿನ ಅವಳು ಕೋಣೆ ಅಳೆದಳು.
‘ಮಂಚದಿಂದ ಕಿಟಕಿಗೆ ಎಪ್ಪತ್ನಾಲ್ಕು ಇಂಚು.
ಬಾಗಲಾ ಎಷ್ಟು ದಪ್ಪ ಅದನೋ ಗೊತ್ತಾಗವಲ್ದು, ಅಪ್ಪಾ.
ಆ ಕಡಿಂದ ನೀ ಅಳಿ.’

ಮಗಳನ್ನು ಬಿಟ್ಟರು. ಟೇಪನ್ನು ಬಿಡಲಿಲ್ಲ.
ಅದರ ಕಾವು ಆರಬೇಕಂತೆ.
ಯಾವುದೋ ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿ ಮಲಗಿದೆ
ಊರ ಮಕ್ಕಳನ್ನೆಲ್ಲ ಅಳೆದದ್ದು.

ಈ ಜೂನ್ ಹೊಸ ಟೇಪು. ಹೊಸದು ಒರಟು, ಮೈಗೆ ಕೂರದು.
ಮುಕ್ತಾ ಸ್ಟೂಲು ಹತ್ತಿದಳು.
ಕೊರಳು ಹನ್ನೊಂದೂವರೆ.
ಬೆಳೆಯುವ ಮಗುವಿನ ಅಳತೆ ಇಳಿದದ್ದು
ಇಡೀ ಪುಸ್ತಕದಲ್ಲಿ ಇದೊಂದೇ ಸಾಲು.
ಕಾಲರು ತುಸು ಎತ್ತರ ಇಡಲೇನು, ಕಾಣಬಾರದು ಅಂತಿದ್ದರೆ?
‘ಬ್ಯಾಡ. ಎಲ್ಲಾರ್ದು ಇದ್ದಾಂಗ ಇರ್ಲಿ.’
ಸ್ವಲ್ಪ ತಡೆದು: ‘ಒಳಗ ಎಷ್ಟು ಬಿಟ್ಟಿ?’
ಒಂದಿಂಚು, ಅಂದೆ.
‘ಬಿಚ್ಚೂ ಮುಂದ ನನಗ ಹೇಳು.’

ಆರು ತಿಂಗಳಿಗೊಮ್ಮೆ ಬರಬೇಕು, ಅಂದಿದ್ದಾರೆ.
ಹಾಳೆಯ ಕೆಳಗೆ ಇನ್ನೂ ಜಾಗವಿದೆ.